ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ: ಮನೆಗೆ ಬಂದ ದಿನದಿಂದ ಏನೇನು ಮಾಡಬೇಕು

ನಮ್ಮ ಪಾರ್ಕಿನಲ್ಲಿ ಬೆಳಿಗ್ಗೆ ಆರೂವರೆಗೆ ನಗೆಕೂಟ. ಎಲ್ಲರೂ ಕೈ ಮೇಲೆತ್ತಿ ಹೊಟ್ಟೆ ಕುಲುಕಿಸಿ ನಗುತ್ತಾರೆ. ಆಪರೇಷನ್ ಆಗಿ ಎರಡು ತಿಂಗಳಿಗೆ ನಾನೂ ಹೋಗಿ ನಿಂತೆ. ಮೊದಲ 'ಹೋ ಹೋ'ಗೇ ಚಡ್ಡಿ ಒದ್ದೆ. ಆಮೇಲೆ ನಾಲ್ಕು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಕೇಳಿದವರಿಗೆ ಮಂಡಿ ನೋವು ಅಂದೆ.

ಅದೇ ವಾರ ಪಿಎಸ್‌ಎ, ಅಂದರೆ ಕಾಯಿಲೆ ಉಳಿದಿದೆಯೋ ಅಂತ ನೋಡುವ ರಕ್ತಪರೀಕ್ಷೆಯ, ರಿಪೋರ್ಟ್ ಬಂದಿತ್ತು. 0.1ಕ್ಕಿಂತ ಕಡಿಮೆ. ಡಾಕ್ಟರು ಬೆನ್ನು ತಟ್ಟಿದರು, ಮಗಳು ಪೇಡ ಹಂಚಿದಳು. ಎಲ್ಲರ ಪಾಲಿಗೆ ಕಾಯಿಲೆ ಮುಗಿದಿತ್ತು. ನಾನು ಮಾತ್ರ ಬಚ್ಚಲಲ್ಲಿ ಯಾರಿಗೂ ಕಾಣದ ಹಾಗೆ ಚಡ್ಡಿ ಒಗೆಯುತ್ತಿದ್ದೆ.

ನನಗೀಗ 66. ಮೈಸೂರಿನಲ್ಲಿ ಗಣಿತದ ಮೇಷ್ಟ್ರಾಗಿದ್ದವನು. ನಾಲ್ಕು ವರ್ಷದ ಹಿಂದೆ ಪ್ರಾಸ್ಟೇಟ್, ಅಂದರೆ ಗಂಡಸರ ಮೂತ್ರಚೀಲದ ಕೆಳಗಿರುವ ಗ್ರಂಥಿ, ತೆಗೆಸಿದೆ. ಒಂದೂವರೆ ವರ್ಷಕ್ಕೆ ಪಿಎಸ್‌ಎ ಮತ್ತೆ ತಲೆ ಎತ್ತಿತು. 33 ದಿನ ರೇಡಿಯೇಶನ್, ಜೊತೆಗೆ ಆರು ತಿಂಗಳು ಹಾರ್ಮೋನ್ ಇಂಜೆಕ್ಷನ್ ಆಯಿತು. ಹೀಗಾಗಿ ಮೂರೂ ಪಾಠ ನನಗೆ ಆಗಿದೆ. ನಾನು ಡಾಕ್ಟರಲ್ಲ. ಮಾತ್ರೆ, ಡೋಸು ನಿಮ್ಮ ಡಾಕ್ಟರು ಹೇಳಿದ ಹಾಗೆ. ಆದರೆ ಯಾವುದನ್ನು ಕೇಳಬೇಕು, ಯಾವಾಗ ಕೇಳಬೇಕು ಅನ್ನೋದನ್ನ ನಾನು ಹೇಳಬಲ್ಲೆ. ನೀವಾಗಿ ಬಾಯಿ ಬಿಡದಿದ್ದರೆ ಯಾರೂ ಕೇಳುವುದಿಲ್ಲ, ಇದನ್ನ ನಾನು ತಡವಾಗಿ ಕಲಿತೆ.

ಹಂತ 1: ಒಂದು ನೋಟ್‌ಬುಕ್ ಇಡಿ

ನೂರು ಪುಟದ್ದು ಸಾಕು. ಡಾಕ್ಟರ ಎದುರು ಕೂತಾಗ ಸಿಗುವುದು ಐದು ನಿಮಿಷ. 'ಹೇಗಿದ್ದೀರಿ?' ಅಂದರೆ ನಾವು 'ಚೆನ್ನಾಗಿದ್ದೀನಿ ಸಾರ್' ಅಂದುಬಿಡುತ್ತೇವೆ. ಹೊರಗೆ ಬಂದ ಮೇಲೆ ನೆನಪಾಗುತ್ತದೆ. ಅದಕ್ಕೇ ವಾರಕ್ಕೊಮ್ಮೆ, ಭಾನುವಾರ ಅಂತಿಟ್ಟುಕೊಳ್ಳಿ, ಆರು ಸಾಲು ಬರೆಯಿರಿ: ದಿನಕ್ಕೆ ಎಷ್ಟು ಪ್ಯಾಡ್, ರಾತ್ರಿ ಎಷ್ಟು ಸಲ ಏಳುತ್ತೀರಿ, ಹೊಟ್ಟೆ ಹೇಗಿದೆ, ನಿದ್ದೆ ಹೇಗಿದೆ, ನಿಮಿರುವಿಕೆ ಹೇಗಿದೆ, ಮನಸ್ಸು ಹೇಗಿದೆ. ಹತ್ತಕ್ಕೆ ಎಷ್ಟು ಅಂತ ಅಂಕ ಹಾಕಿ. ಮೂರು ತಿಂಗಳ ಅಂಕ ಮುಂದಿಟ್ಟರೆ ಡಾಕ್ಟರೇ ಕುರ್ಚಿ ಮುಂದೆ ಎಳೆದುಕೊಳ್ಳುತ್ತಾರೆ.

ಹಿಂದಿನ ಪುಟದಲ್ಲಿ ಪಿಎಸ್‌ಎ ಪಟ್ಟಿ. ಸಾಮಾನ್ಯವಾಗಿ ಮೊದಲಿಗೆ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೆ, ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಮಾಡಿಸುತ್ತಾರೆ. ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಗ್ರಂಥಿ ಪೂರ್ತಿ ತೆಗೆದವರಿಗೆ ಆರೆಂಟು ವಾರದಲ್ಲಿ ಪಿಎಸ್‌ಎ ಅಳತೆಗೆ ಸಿಗದಷ್ಟು ಇಳಿಯಬೇಕು. ಮುಂದೆ 0.2 ಮುಟ್ಟಿ, ಮತ್ತೊಮ್ಮೆ ಮಾಡಿಸಿದಾಗಲೂ ಇಳಿಯದಿದ್ದರೆ ಕಾಯಿಲೆ ಮರಳಿದೆ ಅಂತ ಲೆಕ್ಕ ಹಿಡಿಯುತ್ತಾರೆ. ರೇಡಿಯೇಶನ್ ಮಾತ್ರ ಮಾಡಿಸಿಕೊಂಡವರ ಲೆಕ್ಕವೇ ಬೇರೆ. ಗ್ರಂಥಿ ಒಳಗೇ ಇದೆಯಲ್ಲ, ಹಾಗಾಗಿ ಪೂರ್ತಿ ಸೊನ್ನೆ ಆಗಬೇಕೆಂದಿಲ್ಲ. ನಿಧಾನವಾಗಿ ಇಳಿದು ಒಂದು ತಳ ಮುಟ್ಟುತ್ತದೆ. ಆ ತಳಕ್ಕಿಂತ 2 ಜಾಸ್ತಿ ಆದರೆ ಮಾತ್ರ ಮರಳಿದ ಲೆಕ್ಕ. ನಡುವೆ ಒಮ್ಮೆ ಏರಿ ತಾನಾಗಿ ಇಳಿಯುವುದೂ ಉಂಟು. ಇದು ಗೊತ್ತಿಲ್ಲದೆ ಪಕ್ಕದವರ ರಿಪೋರ್ಟಿಗೆ ನಮ್ಮದನ್ನು ಹೋಲಿಸಿ ರಾತ್ರಿಯೆಲ್ಲ ನಿದ್ದೆಗೆಡುವವರನ್ನು ಕಂಡಿದ್ದೇನೆ.

ಬಯಾಪ್ಸಿ ರಿಪೋರ್ಟ್, ಆಪರೇಷನ್ ನೋಟ್ಸ್, ರೇಡಿಯೇಶನ್ ಎಷ್ಟು ದಿನ ಎಷ್ಟು ಡೋಸು, ಇಂಜೆಕ್ಷನ್ ತಾರೀಕು, ಇವೆಲ್ಲ ಒಂದು ಫೈಲಿನಲ್ಲಿರಲಿ. ಡಿಸ್ಚಾರ್ಜ್ ಚೀಟಿ ಒಂದನ್ನೇ ನಂಬಬೇಡಿ. ನನ್ನದರಲ್ಲಿ ಮಾತ್ರೆ ಪಟ್ಟಿ, ಬಿಲ್ಲಿನ ವಿವರ ಎಲ್ಲ ಇತ್ತು. ಮೂತ್ರ ಸೋರುತ್ತದೆ ಅನ್ನೋ ಒಂದು ಸಾಲು ಇರಲಿಲ್ಲ.

ಹಂತ 2: ಟ್ಯೂಬು ಇರುವ ಎರಡು ವಾರ

ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಒಂದೆರಡು ವಾರ ಕ್ಯಾತಿಟರ್, ಅಂದರೆ ಮೂತ್ರವನ್ನು ಹೊರಗಿನ ಚೀಲಕ್ಕೆ ಹರಿಸುವ ಟ್ಯೂಬು, ಇರುತ್ತದೆ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಕಬಾರದು. ಮಂಚದ ಪಕ್ಕ ಒಂದು ಬಕೆಟ್ ಇಟ್ಟು ಅದರ ಕಂಠಕ್ಕೆ ಸಿಕ್ಕಿಸಿ. ಟ್ಯೂಬು ಎಳೆಯದ ಹಾಗೆ ತೊಡೆಗೆ ಪ್ಲಾಸ್ಟರ್ ಹಾಕಿ. ಪ್ಯಾಂಟು ಬೇಡ, ಲುಂಗಿಯೇ ಸುಖ. ಮೂತ್ರ ತೆಳು ಗುಲಾಬಿ ಬಣ್ಣಕ್ಕಿದ್ದರೆ ಹೆದರಬೇಡಿ, ನೀರು ಕುಡಿಯಿರಿ.

ಮಲಬದ್ಧತೆ ಆಗಲು ಬಿಡಬೇಡಿ. ತಿಣುಕಬಾರದು. ಆರು ವಾರ ಭಾರ ಎತ್ತಬಾರದು ಅಂದರೆ ಗ್ಯಾಸ್ ಸಿಲಿಂಡರ್ ಮಾತ್ರ ಅಲ್ಲ, 20 ಲೀಟರ್ ನೀರಿನ ಕ್ಯಾನ್, ಮೊಮ್ಮಗ, ಅಕ್ಕಿ ಚೀಲ ಎಲ್ಲ ಸೇರಿತು. ಸ್ಕೂಟರ್ ಯಾವಾಗ ಹತ್ತಬಹುದು ಅಂತ ಡಾಕ್ಟರನ್ನೇ ಕೇಳಿ. ದಿನಕ್ಕೆ ನಾಲ್ಕು ಸಲ ಮನೆಯೊಳಗೇ ಓಡಾಡಿ, ಇಲ್ಲದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ.

ಹಂತ 3: ಸೋರಿಕೆ

ಟ್ಯೂಬು ತೆಗೆದ ದಿನ ಪ್ಯಾಡ್ ಇಟ್ಟುಕೊಂಡೇ ಹೋಗಿ. ನಾನು ಇಟ್ಟುಕೊಂಡಿರಲಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಬರುವಾಗ ಟವೆಲು ಮಡಿಸಿ ಕೂತೆ. ಮಂಡ್ಯ ಬರೋದರೊಳಗೆ ಅದೂ ಮುಗಿದಿತ್ತು.

ಮಾರನೇ ದಿನ ಮೆಡಿಕಲ್ ಶಾಪಿಗೆ ಹೋದೆ. ಹುಡುಗ ಡೈಪರ್ ಪ್ಯಾಕೆಟ್ಟನ್ನ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಕೌಂಟರ್ ಕೆಳಗಿನಿಂದ ಕೊಟ್ಟ. ನಲವತ್ತು ವರ್ಷ ನನ್ನ ಹೆಂಡತಿ ಹೀಗೇ ತರುತ್ತಿದ್ದಳು, ನಾನು ಒಂದು ದಿನವೂ ಯೋಚಿಸಿರಲಿಲ್ಲ. ಇರಲಿ. ಮೊದಲ ಕೆಲವು ವಾರ ಡೈಪರ್ ಬೇಕಾಗುತ್ತದೆ. ಆಮೇಲೆ ಒಳಚಡ್ಡಿಗೆ ಅಂಟಿಸುವ ಪ್ಯಾಡ್ ಸಾಕು. ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಿ, ತೊಳೆದು ಒಣಗಿಸಿ, ಚರ್ಮಕ್ಕೆ ತೆಳುವಾಗಿ ತೆಂಗಿನೆಣ್ಣೆ ಸವರಿ. ಒದ್ದೆಯಲ್ಲೇ ಕೂತರೆ ತೊಡೆಸಂದಿ ಬೆಂದುಹೋಗುತ್ತದೆ.

ನಿಜವಾದ ಮದ್ದು ವ್ಯಾಯಾಮ. ಮೂತ್ರ ತಡೆಯುವ ಕೆಲಸದಲ್ಲಿ ಗ್ರಂಥಿಗೂ ಪಾಲಿತ್ತು, ಅದೀಗ ಇಲ್ಲ. ಉಳಿದ ಸ್ನಾಯುಗಳೇ ಪೂರ್ತಿ ಭಾರ ಹೊರಬೇಕು. ಅದಕ್ಕೆ ಕೆಗೆಲ್ ವ್ಯಾಯಾಮ. ಆರ್ನಾಲ್ಡ್ ಕೆಗೆಲ್ ಅನ್ನೋ ಅಮೆರಿಕದ ಸ್ತ್ರೀರೋಗ ವೈದ್ಯ 1948ರಲ್ಲಿ ಹೆರಿಗೆಯಾದ ಹೆಂಗಸರಿಗೆ ಅಂತ ಹೇಳಿಕೊಟ್ಟದ್ದು. ಯೋಗ ಮಾಡುವವರಿಗೆ ಮೂಲಬಂಧ ಅಂದರೆ ಬೇಗ ಹೊಳೆಯುತ್ತದೆ.

ಮೊದಲು ಸ್ನಾಯು ಹುಡುಕಬೇಕು. ಮಂಡಿ ಮಡಚಿ ಅಂಗಾತ ಮಲಗಿ. ನಾಲ್ಕು ಜನರ ನಡುವೆ ಗ್ಯಾಸ್ ಬರುವಂತಾದಾಗ ತಡೆಯುತ್ತೀರಲ್ಲ, ಹಾಗೆ ಬಿಗಿ ಮಾಡಿ. ಜೊತೆಗೇ ಮೂತ್ರ ತಡೆದ ಹಾಗೆ ಮುಂದಿನ ಭಾಗವನ್ನೂ ಒಳಕ್ಕೆ ಎಳೆಯಿರಿ. ಕನ್ನಡಿಯಲ್ಲಿ ನೋಡಿದರೆ ವೃಷಣ ಸ್ವಲ್ಪ ಮೇಲೇಳಬೇಕು, ಶಿಶ್ನದ ಬುಡ ಒಳಕ್ಕೆ ಸರಿಯಬೇಕು. ಹೊಟ್ಟೆ, ತೊಡೆ, ಅಂಡು ಬಿಗಿಯಾದರೆ ತಪ್ಪು ಸ್ನಾಯು ಹಿಡಿದಿದ್ದೀರಿ. ಉಸಿರು ಕಟ್ಟಬಾರದು. ಐದು ಎಣಿಸುವಷ್ಟು ಹಿಡಿದು, ಐದು ಎಣಿಸುವಷ್ಟು ಪೂರ್ತಿ ಸಡಿಲ ಬಿಡಿ. ಹೀಗೆ ಹತ್ತು. ಆಮೇಲೆ ಟಕ್ ಟಕ್ ಅಂತ ಬೇಗ ಬೇಗ ಹತ್ತು. ದಿನಕ್ಕೆ ಮೂರು ಹೊತ್ತು: ಒಮ್ಮೆ ಮಲಗಿ, ಒಮ್ಮೆ ಕೂತು, ಒಮ್ಮೆ ನಿಂತು. ವಾರಗಳು ಕಳೆದ ಹಾಗೆ ಐದನ್ನು ಹತ್ತಕ್ಕೆ ಏರಿಸಿ. ಟ್ಯೂಬು ಇರುವಾಗ ಮಾಡಬೇಡಿ. ಮೂತ್ರ ಮಾಡುತ್ತಾ ನಡುವೆ ತಡೆದು ತಡೆದು ಅಭ್ಯಾಸ ಮಾಡಬೇಡಿ. ಬೇಗ ವಾಸಿಯಾಗಲಿ ಅಂತ ದಿನಕ್ಕೆ ಮುನ್ನೂರು ಹೊಡೆಯಲೂಬೇಡಿ. ಸ್ನಾಯು ಸುಸ್ತಾಗಿ ಸಂಜೆ ಇನ್ನೂ ಜಾಸ್ತಿ ಸೋರುತ್ತದೆ. ಮೊದಲ ತಿಂಗಳು ನಾನು ಮಾಡಿದ್ದು ಇದನ್ನೇ.

ಸರಿಯಾಗಿ ಮಾಡುತ್ತಿದ್ದೀರೋ ಇಲ್ಲವೋ ಗೊತ್ತಾಗದಿದ್ದರೆ ಇದೇ ವಿಷಯದಲ್ಲಿ ಪಳಗಿದ ಫಿಸಿಯೋಥೆರಪಿಸ್ಟ್ ಹತ್ತಿರ ಒಂದೆರಡು ಸಲ ಹೋಗಿ. ಆ ದುಡ್ಡು ದಂಡವಲ್ಲ.

ಇನ್ನೊಂದು ಉಪಾಯ. ಕೆಮ್ಮುವ, ಸೀನುವ, ಕುರ್ಚಿಯಿಂದ ಏಳುವ ಒಂದು ಕ್ಷಣ ಮುಂಚೆ ಬಿಗಿ ಮಾಡಿ. ಮೊದಮೊದಲು ಮರೆತುಹೋಗುತ್ತದೆ. ಒಂದು ತಿಂಗಳಲ್ಲಿ ತಾನಾಗಿ ಬರುತ್ತದೆ. ನಗೆಕೂಟಕ್ಕೆ ನಾನು ವಾಪಸ್ ಹೋದದ್ದು ಇದರ ಬಲದಿಂದಲೇ. ಕೈ ಮೇಲೆತ್ತುವಾಗ ಕೆಳಗೆ ಬಿಗಿ, ಆಮೇಲೆ ನಗು.

ನೀರಿನ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಸೋರುತ್ತದೆ ಅಂತ ಕುಡಿಯುವುದನ್ನೇ ಬಿಡುತ್ತಾರೆ. ಮೂತ್ರ ಗಟ್ಟಿಯಾಗಿ ಮೂತ್ರಚೀಲ ಉರಿದು ಇನ್ನೂ ಅವಸರ ಜಾಸ್ತಿ ಆಗುತ್ತದೆ. ಡಾಕ್ಟರು ಬೇರೆ ಹೇಳದಿದ್ದರೆ ದಿನಕ್ಕೆ ಒಂದೂವರೆ ಎರಡು ಲೀಟರ್ ಕುಡಿಯಿರಿ, ಸಂಜೆ ಏಳರ ಮೇಲೆ ಕಡಿಮೆ ಮಾಡಿ. ಕಾಫಿ ಮೂತ್ರಚೀಲವನ್ನು ಕೆರಳಿಸುತ್ತದೆ. ಮೈಸೂರಿನವನಿಗೆ ಕಾಫಿ ಬಿಡು ಅಂದರೆ ಆಗುತ್ತಾ? ನಾಲ್ಕು ಲೋಟ ಇದ್ದದ್ದನ್ನು ಎರಡು ಅರ್ಧ ಲೋಟಕ್ಕೆ ಇಳಿಸಿದೆ.

ವಾಸಿಯಾಗುತ್ತಿದೆಯೋ ಇಲ್ಲವೋ ತಿಳಿಯಲು ತಕ್ಕಡಿ ಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಣ ಪ್ಯಾಡ್ ತೂಗಿ. ಒಂದು ದಿನದ ಒದ್ದೆ ಪ್ಯಾಡ್‌ಗಳನ್ನು ಕವರಿಗೆ ಹಾಕಿ ತೂಗಿ. ವ್ಯತ್ಯಾಸದ ಒಂದು ಗ್ರಾಂ ಅಂದರೆ ಹೆಚ್ಚುಕಮ್ಮಿ ಒಂದು ಎಂಎಲ್. ನನ್ನದು ಮೂರನೇ ವಾರ 340 ಗ್ರಾಂ, ಮೂರನೇ ತಿಂಗಳು 90, ಒಂಬತ್ತನೇ ತಿಂಗಳು 15. (ಹೆಂಡತಿ ಆ ತಕ್ಕಡಿಯನ್ನ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ. ಹೊಸದು ತರಬೇಕಾಯಿತು.) ಹೆಚ್ಚಿನವರಿಗೆ ಮೂರರಿಂದ ಹನ್ನೆರಡು ತಿಂಗಳಲ್ಲಿ ಸಾಕಷ್ಟು ಹತೋಟಿಗೆ ಬರುತ್ತದೆ. ವರ್ಷವಾದರೂ ದಿನಕ್ಕೆ ಹಲವು ಪ್ಯಾಡ್ ಬೇಕಾದರೆ ಇದು ನನ್ನ ಹಣೆಬರಹ ಅಂತ ಕೂರಬೇಡಿ. ಕೆಳಗಿನಿಂದ ಆಸರೆ ಕೊಡುವ ಸ್ಲಿಂಗ್, ಕೃತಕ ಕವಾಟ ಅಂತ ಆಪರೇಷನ್‌ಗಳಿವೆ. ಯೂರಾಲಜಿಸ್ಟ್ ಹತ್ತಿರ ನೀವೇ ಮಾತು ತೆಗೆಯಿರಿ. ಇನ್ನು, ಸೋರಿಕೆ ನಿಂತು ಧಾರೆಯೇ ದಾರದಷ್ಟು ಸಣ್ಣಗಾದರೆ ಖುಷಿ ಪಡಬೇಡಿ. ಒಳಗೆ ದಾರಿ ಕಿರಿದಾಗಿರಬಹುದು, ಬೇಗ ತೋರಿಸಿ.

ಹಂತ 4: ರೇಡಿಯೇಶನ್ ಆದ ಹೊಟ್ಟೆ

ನಮ್ಮ ಕಡೆ 'ಕರೆಂಟ್ ಕೊಟ್ಟರು' ಅಂತಾರೆ. ಅದು ಕರೆಂಟೂ ಅಲ್ಲ, ಶಾಕೂ ಅಲ್ಲ, ಮಲಗಿದಾಗ ಏನೂ ಗೊತ್ತಾಗುವುದಿಲ್ಲ. ಎರಡು ಮೂರು ವಾರ ಕಳೆದ ಮೇಲೆ ಸುಸ್ತು, ಉರಿಮೂತ್ರ, ಮೇಲಿಂದ ಮೇಲೆ ಮಲಕ್ಕೆ ಅವಸರ ಶುರುವಾಗುತ್ತದೆ. ಮುಗಿದ ಮೇಲೆ ಕೆಲವು ವಾರದಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ಖಾರ, ಹುಳಿ, ಕಾಳುಪಲ್ಯ ಬಿಡಿ. ಮಜ್ಜಿಗೆ ಅನ್ನ, ಮೆತ್ತಗಿನ ಇಡ್ಲಿ, ಬಾಳೆಹಣ್ಣು ಹೊಟ್ಟೆಗೆ ಹಿತ.

ಮುಖ್ಯ ವಿಷಯ ಬೇರೆ ಇದೆ. ಕೆಲವರಿಗೆ ತಿಂಗಳು, ವರ್ಷ ಕಳೆದ ಮೇಲೆ ಮಲದಲ್ಲಿ ರಕ್ತ ಕಾಣುತ್ತದೆ. ಮೂಲವ್ಯಾಧಿ ಅಂತ ತಾವೇ ಮದ್ದು ಮಾಡಬೇಡಿ. ಕೊಲೊನೋಸ್ಕೋಪಿ (ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡುವುದು) ಮಾಡುವ ಡಾಕ್ಟರಿಗೆ 'ನನಗೆ ಪ್ರಾಸ್ಟೇಟಿಗೆ ರೇಡಿಯೇಶನ್ ಆಗಿದೆ' ಅಂತ ಮೊದಲೇ ಹೇಳಿ. ರೇಡಿಯೇಶನ್ ತಗುಲಿದ ಗುದನಾಳದ ಗೋಡೆಯಿಂದ ಚೂರು ತೆಗೆದರೆ ಗಾಯ ಮಾಯದೆ ದೊಡ್ಡ ತೊಂದರೆ ಆಗಬಹುದು.

ಹಂತ 5: ಹಾಸಿಗೆಯ ವಿಷಯ

ಇದನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. 'ಈ ವಯಸ್ಸಲ್ಲಿ ಇನ್ನೇನು ಸಾರ್' ಅಂತ ಕಿರಿಯ ಡಾಕ್ಟರೊಬ್ಬರು ನಕ್ಕರು. ವಯಸ್ಸು ನನ್ನದು, ಬೇಕೋ ಬೇಡವೋ ನಾನು ಹೇಳಬೇಕಲ್ವಾ?

ನಿಮಿರುವಿಕೆಯ ನರಗಳು ಪ್ರಾಸ್ಟೇಟಿನ ಎರಡೂ ಬದಿಗೆ ಜೇಡರ ಬಲೆಯಷ್ಟು ತೆಳ್ಳಗೆ ಅಂಟಿಕೊಂಡಿವೆ. 1982ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಪ್ಯಾಟ್ರಿಕ್ ವಾಲ್ಶ್ ಈ ನರಗಳನ್ನು ಉಳಿಸಿ ಆಪರೇಷನ್ ಮಾಡುವುದನ್ನು ತೋರಿಸಿಕೊಟ್ಟರು. ಉಳಿಸಿದರೂ ನರಗಳಿಗೆ ಪೆಟ್ಟಾಗಿರುತ್ತದೆ, ಚೇತರಿಸಿಕೊಳ್ಳಲು ಒಂದೂವರೆ ಎರಡು ವರ್ಷ ಹಿಡಿಯಬಹುದು. ರೇಡಿಯೇಶನ್‌ನಲ್ಲಿ ಇದು ತಿರುಗುಮುರುಗು. ಮೊದಲು ಸರಿ ಇದ್ದು, ಕೆಲವು ವರ್ಷಗಳಲ್ಲಿ ನಿಧಾನವಾಗಿ ಕುಂದುತ್ತದೆ.

ನಿಮಿರದಿದ್ದರೂ ಸುಖದ ಅನುಭವ ಬರುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಗ್ರಂಥಿ ತೆಗೆದವರಿಗೆ ವೀರ್ಯ ಬರುವುದಿಲ್ಲ, ಅದು ಸಹಜ. ಆ ಹೊತ್ತಿಗೆ ನಾಲ್ಕು ಹನಿ ಮೂತ್ರ ಬರಬಹುದು. ಮುಂಚೆ ಒಮ್ಮೆ ಮೂತ್ರ ಮಾಡಿ ಬನ್ನಿ, ಪಕ್ಕದಲ್ಲಿ ಟವೆಲ್ ಇಟ್ಟುಕೊಳ್ಳಿ, ಅಷ್ಟೇ.

ಉಪಾಯ ಒಂದೊಂದಾಗಿ. ಮೊದಲು ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆ. ಡಾಕ್ಟರ ಚೀಟಿ ಇಲ್ಲದೆ ನುಂಗಲೇಬೇಡಿ. ಎದೆನೋವಿಗೆ ಸಾರ್ಬಿಟ್ರೇಟ್ ಥರದ ನೈಟ್ರೇಟ್ ಮಾತ್ರೆ ತಗೊಳ್ಳುವವರು ಇವನ್ನು ಮುಟ್ಟಲೇಬಾರದು, ಬಿಪಿ ಕುಸಿದು ಪ್ರಾಣಕ್ಕೇ ಬರುತ್ತದೆ. ಮಾತ್ರೆ ಕೆಲಸ ಮಾಡದಿದ್ದರೆ ಗಾಳಿ ಎಳೆಯುವ ಪಂಪು ಇದೆ. ಅದೂ ಆಗದಿದ್ದರೆ ಶಿಶ್ನಕ್ಕೇ ಕೊಡುವ ಸಣ್ಣ ಸೂಜಿಯ ಇಂಜೆಕ್ಷನ್. ಕೇಳಿದರೆ ಮೈ ಜುಮ್ಮೆನ್ನುತ್ತದೆ, ಆದರೆ ಸೊಳ್ಳೆ ಕಚ್ಚಿದಷ್ಟೇ ನೋವು ಅಂತ ತಗೊಂಡವರು ಹೇಳುತ್ತಾರೆ. ನಾಲ್ಕು ಗಂಟೆ ಕಳೆದರೂ ನಿಮಿರಿದ್ದು ಇಳಿಯದಿದ್ದರೆ ನೇರ ಆಸ್ಪತ್ರೆಗೆ ಹೋಗಬೇಕು. ಕೊನೆಗೆ ಇಂಪ್ಲಾಂಟ್, ಅಂದರೆ ಶಿಶ್ನದೊಳಗೆ ಸಾಧನ ಕೂರಿಸುವ ಆಪರೇಷನ್. ಬಸ್‌ಸ್ಟ್ಯಾಂಡ್ ಗೋಡೆಯ ಮೇಲಿನ ಗುಪ್ತರೋಗದ ಪೋಸ್ಟರ್‌ಗಳ ಪುಡಿ ಬೇಡವೇ ಬೇಡ. ಶಕ್ತಿ ಬರಲಿ ಅಂತ ಟೆಸ್ಟೋಸ್ಟೆರಾನ್ ತಗೊಳ್ಳೋ ಯೋಚನೆ ಬಂದರೆ, ನಮ್ಮ ಕ್ಯಾನ್ಸರಿಗೆ ಅದೇ ಆಹಾರ ಅನ್ನೋದು ನೆನಪಿರಲಿ.

ಇದಕ್ಕೆಲ್ಲ ಮೊದಲು ಹೆಂಡತಿ ಜೊತೆ ಮಾತು. ನಾನು ರಬ್ಬರ್ ಶೀಟು ಎತ್ತಿಕೊಂಡು ಹಾಲಿಗೆ ಮಲಗಲು ಹೋಗಿದ್ದೆ. ಮೂರು ತಿಂಗಳು. ಅವಳು ನನಗೆ ಅವಳ ಮೇಲೆ ಬೇಜಾರು ಅಂದುಕೊಂಡಿದ್ದಳಂತೆ. ಒಂದು ರಾತ್ರಿ ಬಂದು ದೀಪ ಹಾಕಿ, 'ರೀ, ಆ ಶೀಟು ಇಲ್ಲೇ ಹಾಸಿದ್ರೆ ಮಂಚ ಮುರೀತದಾ?' ಅಂದಳು. ಅವತ್ತು ಎಲ್ಲ ಹೇಳಿದೆ. ಹೇಳಲು ಬರದಿದ್ದರೆ ಮುಂದಿನ ಸಲ ಡಾಕ್ಟರ ಹತ್ತಿರ ಇಬ್ಬರೂ ಒಟ್ಟಿಗೆ ಹೋಗಿ. ಮೂರನೆಯವರು ಮಾತು ಶುರು ಮಾಡಿದರೆ ಸಲೀಸು.

ಹಂತ 6: ಹಾರ್ಮೋನ್ ಇಂಜೆಕ್ಷನ್ ಇದ್ದರೆ

ಗಂಡು ಹಾರ್ಮೋನ್ ನಿಲ್ಲಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಅಂತ 1941ರಲ್ಲಿ ತೋರಿಸಿದವರು ಅಮೆರಿಕದ ವೈದ್ಯ ಚಾರ್ಲ್ಸ್ ಹಗಿನ್ಸ್. 1966ರಲ್ಲಿ ನೊಬೆಲ್ ಬಂತು. ಇಂದಿಗೂ ಅದೇ ದಾರಿ. ತಿಂಗಳಿಗೋ ಮೂರು ತಿಂಗಳಿಗೋ ಇಂಜೆಕ್ಷನ್, ಇಲ್ಲವೇ ವೃಷಣ ತೆಗೆಯುವ ಆಪರೇಷನ್. ಒಂದೇ ಸಲದ ಖರ್ಚು ಅಂತ ನಮ್ಮ ದೇಶದಲ್ಲಿ ಎಷ್ಟೋ ಜನ ಎರಡನೆಯದಕ್ಕೆ ಒಪ್ಪುತ್ತಾರೆ.

ಇಂಜೆಕ್ಷನ್ ಶುರುವಾದ ಮೇಲೆ ನನಗೆ ರಾತ್ರಿ ಇದ್ದಕ್ಕಿದ್ದಂತೆ ಮೈ ಕಾದು ಬೆವರು ಕಿತ್ತುಕೊಂಡು ಬರುತ್ತಿತ್ತು. ಫ್ಯಾನ್ ಜೋರು ಮಾಡು ಅಂದರೆ ಹೆಂಡತಿ, 'ಮುಟ್ಟು ನಿಂತಾಗ ನನಗೂ ಹೀಗೇ ಆಗ್ತಿತ್ತು. ಆಗ ಚಳಿ ಅಂತ ಫ್ಯಾನ್ ಆರಿಸ್ತಿದ್ದವರು ಯಾರು?' ಅಂದಳು. ನನ್ನ ಬಳಿ ಉತ್ತರ ಇರಲಿಲ್ಲ. ಹತ್ತಿ ಬಟ್ಟೆ, ರಾತ್ರಿ ಖಾರ ಕಡಿಮೆ, ಮಂಚದ ಪಕ್ಕ ತಣ್ಣೀರು. ತಡೆಯಲಾಗದಷ್ಟು ಆದರೆ ಮಾತ್ರೆಗಳಿವೆ, ಕೇಳಿ.

ಕಣ್ಣಿಗೆ ಕಾಣದ್ದು ಮೂಳೆ. ಹಾರ್ಮೋನ್ ಇಲ್ಲದೆ ಮೂಳೆ ಟೊಳ್ಳಾಗುತ್ತದೆ. ಚಿಕಿತ್ಸೆ ಉದ್ದಕ್ಕೆ ನಡೆಯುವುದಾದರೆ ಶುರುವಿನಲ್ಲೇ ಡೆಕ್ಸಾ ಸ್ಕ್ಯಾನ್ (ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವುದು) ಬೇಕಾ ಅಂತ ಕೇಳಿ. ದಿನಕ್ಕೆ ಊಟ ಸೇರಿ ಸುಮಾರು 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮಗೆ ಇದು ಕಷ್ಟವಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಇದೆ. ಮಧ್ಯಾಹ್ನ ಒಂದು ಮುದ್ದೆ, ಎರಡು ಲೋಟ ಹಾಲೋ ಮಜ್ಜಿಗೆಯೋ, ಸೊಪ್ಪಿನ ಸಾರು. ವಿಟಮಿನ್ ಡಿ ರಕ್ತದಲ್ಲಿ ನೋಡಿಸಿ. ಮೂಳೆಗೆ ಜೊಲೆಡ್ರೋನಿಕ್ ಆಸಿಡ್ ಅಥವಾ ಡೆನೊಸುಮ್ಯಾಬ್ ಇಂಜೆಕ್ಷನ್ ಕೊಡುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ. ಕೀಳಬೇಕಾದ ಹಲ್ಲು ಮೊದಲೇ ಕೀಳಿಸಿ. ಆಮೇಲೆ ಕಿತ್ತರೆ ದವಡೆ ಮೂಳೆ ಮಾಯದೆ ಹೋಗಬಹುದು.

ಸ್ನಾಯು ಕರಗುತ್ತದೆ, ಹೊಟ್ಟೆ ಬರುತ್ತದೆ, ಶುಗರ್ ಏರುತ್ತದೆ, ಸುಸ್ತು. ನಾಲ್ಕಕ್ಕೂ ಒಂದೇ ಮದ್ದು. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಸ್ನಾಯುವಿಗೆ ಕೆಲಸ. ನಾನು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತೇನೆ. ಮನೆಯಲ್ಲಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು, ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದು ಕೈ ಎತ್ತುವುದು ಹತ್ತು. ಮೂಳೆಗೆ ಕ್ಯಾನ್ಸರ್ ಹರಡಿರುವವರು ಡಾಕ್ಟರನ್ನು ಕೇಳದೆ ಭಾರ ಎತ್ತಬಾರದು. ಬಚ್ಚಲಲ್ಲಿ ಹಿಡಿಕೆ ಹಾಕಿಸಿ, ಜಾರದ ಮ್ಯಾಟ್ ಹಾಕಿ.

ಹಂತ 7: ಮನಸ್ಸು, ಮನೆಯವರು, ಕಾಗದಪತ್ರ

ಪಿಎಸ್‌ಎಗೆ ರಕ್ತ ಕೊಡುವ ವಾರ ನಾನು ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತೇನೆ. ಈಗ ಎಲ್ಲರಿಗೂ ಗೊತ್ತು, ಆ ವಾರ ಸುಮ್ನೆ ಇರುತ್ತಾರೆ. ಇಂಜೆಕ್ಷನ್ ನಡೆಯುವಾಗ ಕಾರಣವೇ ಇಲ್ಲದೆ ಅಳು ಬರುವುದೂ ಉಂಟು. ಎರಡು ವಾರ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ ಅಂದರೆ ಸಹಾಯ ಕೇಳಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕಾಯಿಲೆ ಮುಂದುವರಿದು ನೋವು ಜಾಸ್ತಿ ಇರುವವರಿಗೆ ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ಆರೈಕೆ ಕೊಡುತ್ತದೆ.

ಗಂಡುಮಕ್ಕಳು, ತಮ್ಮಂದಿರಿಗೆ ಹೇಳಿ. ಅಪ್ಪನಿಗೋ ಅಣ್ಣನಿಗೋ ಇದು ಬಂದಿದ್ದರೆ ಅವರಿಗೆ ಬರುವ ಸಂಭವ ಸುಮಾರು ಎರಡರಷ್ಟು. 45ಕ್ಕೆಲ್ಲ ಡಾಕ್ಟರ ಜೊತೆ ಮಾತಾಡಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಚಿಕಿತ್ಸೆಗೋ ತಪಾಸಣೆಗೋ ಹೋಗಿಬರಲು ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಪ್ರಮಾಣಪತ್ರ ಬರೆಸಿಕೊಳ್ಳಿ.

ಹಂತ 8: ಓಡಬೇಕಾದ ದಿನ

ಇದನ್ನ ಒಂದು ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ, ಆಸ್ಪತ್ರೆಯ ಫೋನ್ ನಂಬರ್ ಜೊತೆಗೆ. ಮನೆಯವರೂ ಓದಿರಲಿ.

ಮೂತ್ರ ಪೂರ್ತಿ ಕಟ್ಟಿದರೆ. ಮೂತ್ರದಲ್ಲಿ ರಕ್ತದ ಗಡ್ಡೆ ಬಂದರೆ. ನಡುಕದ ಜ್ವರ ಬಂದರೆ. ಒಂದೇ ಕಾಲು ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡರೆ, ಎದೆ ನೋವು ಬಂದರೆ. ಇವಕ್ಕೆಲ್ಲ ಬೆಳಗಾಗಲಿ ಅಂತ ಕಾಯಬಾರದು.

ಎಲ್ಲಕ್ಕಿಂತ ಮೇಲೆ ಕೆಂಪು ಇಂಕಿನಲ್ಲಿ ಬರೆಯಬೇಕಾದದ್ದು ಬೆನ್ನು. ಹೊಸದಾಗಿ ಬೆನ್ನು ನೋವು ಬಂದು, ಮಲಗಿದರೂ ಕಡಿಮೆಯಾಗದೆ, ಕಾಲಿನಲ್ಲಿ ಶಕ್ತಿ ಕುಂದಿದರೆ, ಮರಗಟ್ಟಿದರೆ, ಮಲಮೂತ್ರದ ಹತೋಟಿ ತಪ್ಪಿದರೆ, ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಗಂಟೆಗಳ ಲೆಕ್ಕ. ತಡವಾದರೆ ಕಾಲು ವಾಪಸ್ ಬರುವುದಿಲ್ಲ. ಎಣ್ಣೆ ನೀವುವವರ ಹತ್ತಿರ ಹೋಗಬೇಡಿ. ಎಂಆರ್‌ಐ ಇರುವ ಆಸ್ಪತ್ರೆಗೆ ನೇರ ಹೋಗಿ, ಒಳಗೆ ಕಾಲಿಡುತ್ತಲೇ 'ಪ್ರಾಸ್ಟೇಟ್ ಕ್ಯಾನ್ಸರ್ ಇದೆ, ಕಾಲು ಸೋಲುತ್ತಿದೆ' ಅಂತ ಹೇಳಿ.